ಮಂಡಿ ಎಂಬುದು ಬೇರಿಂಗ್ ಅಲ್ಲ



ಈ ಸಲ ಹಳೆಯ ನೆನಪುಗಳ ಬುತ್ತಿ ಬಿಚ್ಚುತ್ತಿಲ್ಲ. ಒಂದು ಜಗಳದ ವಿಷಯವನ್ನೇ ಎತ್ತಿಕೊಂಡಿದ್ದೇನೆ. ಮಂಡಿನೋವಿಗೆಂದು ನಮ್ಮ ಊರಿನ ಆಸ್ಪತ್ರೆ, ಕ್ಲಿನಿಕ್ಕುಗಳ ಹೊರರೋಗಿ ವಿಭಾಗದಲ್ಲಿ ಚುಚ್ಚುವ 'ಜೆಲ್ ಇಂಜೆಕ್ಷನ್' ನಿಮಗೆ ಗೊತ್ತಿರಬಹುದು. ಅದರ ಶಾಸ್ತ್ರೀಯ ಹೆಸರು ಹಯಲುರಾನಿಕ್ ಆಮ್ಲ. ಅದು ವಿಷವೆಂದು ನಾನು ಹೇಳುವುದಿಲ್ಲ. ಅದನ್ನು ಕೊಡುವ ವೈದ್ಯರೆಲ್ಲ ವಂಚಕರೆಂದೂ ಹೇಳುವುದಿಲ್ಲ. ಆದರೆ ಅದರಿಂದ ಆಗುವ ಪ್ರಯೋಜನ ಎಷ್ಟು ಅಲ್ಪವೆಂಬುದನ್ನು ರೋಗಿಗೆ ತಿಳಿಸದೆ, ಮೊದಲು ಮಾಡಬೇಕಾದ ಚಿಕಿತ್ಸೆಯನ್ನು ಮಾಡದೆ, ಹತ್ತೇ ನಿಮಿಷದಲ್ಲಿ ಸೂಜಿ ಚುಚ್ಚಿ ಸಾವಿರಾರು ರೂಪಾಯಿ ಪಡೆಯುವ ಪದ್ಧತಿ ನಿಲ್ಲಬೇಕು ಎಂಬುದು ನನ್ನ ವಾದ.

ವಿಜ್ಞಾನದ ಮೇಷ್ಟರಿಗೆ ವೈದ್ಯರ ವಿಷಯವೇಕೆ ಎಂದು ಕೇಳುವವರಿದ್ದಾರೆ. ನಾನು ಹಾಜರಿ ಕೂಗುತ್ತಿದ್ದ ಹುಡುಗ ಹುಡುಗಿಯರಲ್ಲಿ ಅನೇಕರು ಈಗ ಅರವತ್ತರ ಆಸುಪಾಸಿನಲ್ಲಿದ್ದೀರಿ. ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳಿಂದ ನನಗೆ ಬರುವ ದೂರವಾಣಿ ಕರೆಗಳಲ್ಲಿ ಮಕ್ಕಳ ಮದುವೆಯ ವಿಷಯಕ್ಕಿಂತ ಮಂಡಿಯ ವಿಷಯವೇ ಹೆಚ್ಚಾಗಿದೆ. ಮೆಟ್ರೊ ನಿಲ್ದಾಣದ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದು ನಿಲ್ಲುವವರು ಎಷ್ಟು ಜನ! ಬೆಂಗಳೂರೂ ಸೇರಿದಂತೆ ದೇಶದ ಐದು ಕಡೆ ನಡೆಸಿ 2016ರಲ್ಲಿ ಪ್ರಕಟಿಸಿದ ಒಂದು ಸಮೀಕ್ಷೆಯಲ್ಲಿ, ಪರೀಕ್ಷಿಸಿದ ವಯಸ್ಕರಲ್ಲಿ ಶೇಕಡಾ 28.7ರಷ್ಟು ಮಂದಿಗೆ ಮಂಡಿಯ ಸವೆತ ಕಂಡುಬಂದಿತ್ತು. ಇಷ್ಟು ದೊಡ್ಡ ಸಂತೆಯಲ್ಲಿ ವ್ಯಾಪಾರಿ ಅಂಗಡಿ ತೆರೆಯದೆ ಇರುತ್ತಾನೆಯೆ?

ಮೊದಲು ವಸ್ತುವಿನ ಪರಿಚಯ. 1934ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಎಂಬ ವಿಜ್ಞಾನಿಗಳು ದನದ ಕಣ್ಣಿನೊಳಗಿನ ಲೋಳೆಯಿಂದ ಇದನ್ನು ಬೇರ್ಪಡಿಸಿದರು. ಗಾಜಿಗೆ ಗ್ರೀಕ್ ಭಾಷೆಯಲ್ಲಿರುವ ಪದದಿಂದ ಇದಕ್ಕೆ ಹೆಸರು ಬಂತು. ಇದು ಸಕ್ಕರೆಯ ಕಣಗಳು ಒಂದಕ್ಕೊಂದು ಕೈಹಿಡಿದು ನಿಂತ ಬಲು ಉದ್ದನೆಯ ಸರಪಳಿ. ನಮ್ಮ ಚರ್ಮದಲ್ಲಿ, ಕಣ್ಣಿನಲ್ಲಿ, ಕೀಲುಗಳ ರಸದಲ್ಲಿ ಸಹಜವಾಗಿಯೇ ಇದೆ. ಎಂಡ್ರೆ ಬಲಾಜ್ಸ್ ಎಂಬ ಹಂಗೇರಿ ಮೂಲದ ವಿಜ್ಞಾನಿ ಇದನ್ನು ಶುದ್ಧಗೊಳಿಸುವ ವಿಧಾನ ಕಂಡುಕೊಂಡ ಮೇಲೆ ಕಣ್ಣಿನ ಶಸ್ತ್ರಚಿಕಿತ್ಸೆಯಲ್ಲಿ ಇದು ನಿಜವಾಗಿಯೂ ಉಪಯೋಗಕ್ಕೆ ಬಂತು. ಪಂದ್ಯದ ಕುದುರೆಗಳ ಕೀಲುಗಳಿಗೂ ಚುಚ್ಚಿದರು. ಬಹಳ ಕಾಲ ಹುಂಜದ ಜುಟ್ಟಿನಿಂದ ಇದನ್ನು ತೆಗೆಯುತ್ತಿದ್ದರು. ಈಗ ಬ್ಯಾಕ್ಟೀರಿಯಾಗಳಿಂದಲೂ ತಯಾರಿಸುತ್ತಾರೆ. 1997ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಮನುಷ್ಯರ ಮಂಡಿಗೆ ಚುಚ್ಚಲು ಅನುಮತಿ ನೀಡಿತು. ಗಮನಿಸಿ, ಅದು ಅನುಮತಿ ನೀಡಿದ್ದು ಔಷಧಿ ಎಂದಲ್ಲ, ವೈದ್ಯಕೀಯ ಸಾಧನವೆಂದು.

ಇನ್ನು ಇದನ್ನು ಮಾರುವ ಮಾತು. "ಮಂಡಿಯಲ್ಲಿ ಎಣ್ಣೆ ಒಣಗಿಹೋಗಿದೆ, ಗ್ರೀಸ್ ಹಾಕಿದರೆ ಸರಾಗವಾಗುತ್ತದೆ." ಈ ಒಂದು ವಾಕ್ಯದಷ್ಟು ಹಣ ಸಂಪಾದಿಸಿದ ಉಪಮೆ ನಮ್ಮ ಅಲಂಕಾರಶಾಸ್ತ್ರದಲ್ಲಿಯೇ ಇರಲಾರದು. ಶಿವಾಜಿನಗರದ ಗುಜರಿ ಅಂಗಡಿಗಳ ಸಾಲಿನಲ್ಲಿ ನಡೆದು ಬಂದವರಿಗೆ ಹಳೆಯ ಬೇರಿಂಗ್ ಏನೆಂದು ಗೊತ್ತು. ಗ್ರೀಸ್ ಒಣಗಿದ ಬೇರಿಂಗ್ ಕಿರುಗುಟ್ಟುತ್ತದೆ, ಹೊಸ ಗ್ರೀಸ್ ತುಂಬಿದರೆ ಸುಮ್ಮನಾಗುತ್ತದೆ. ಆದರೆ ಬೇರಿಂಗಿಗೆ ರಕ್ತವಿಲ್ಲ, ನರವಿಲ್ಲ, ಅದನ್ನು ಹಿಡಿದು ನಿಲ್ಲಿಸುವ ಸ್ನಾಯುವಿಲ್ಲ. ಮಂಡಿಗೆ ಇವೆಲ್ಲ ಇವೆ. ಮಂಡಿಯ ಸವೆತವೆಂದರೆ ಎಣ್ಣೆ ಒಣಗುವುದಲ್ಲ. ಎಲುಬಿನ ತುದಿಯ ಮೃದ್ವಸ್ಥಿ ತೆಳುವಾಗುವುದು, ಅದರ ಕೆಳಗಿನ ಎಲುಬು ಬದಲಾಗುವುದು, ಅಂಚಿನಲ್ಲಿ ಮುಳ್ಳಿನಂತೆ ಎಲುಬು ಬೆಳೆಯುವುದು, ಕೀಲಿನ ಒಳಪೊರೆ ಊದಿಕೊಳ್ಳುವುದು, ತೊಡೆಯ ಸ್ನಾಯು ಸೊರಗುವುದು — ಇವೆಲ್ಲ ಕೂಡಿದ ರೋಗ ಅದು. ಕ್ಷ-ಕಿರಣದ ಚಿತ್ರದಲ್ಲಿ ಕಾಣುವ ಸವೆತಕ್ಕೂ ರೋಗಿ ಅನುಭವಿಸುವ ನೋವಿಗೂ ನೇರವಾದ ಸಂಬಂಧ ಯಾವಾಗಲೂ ಇರುವುದಿಲ್ಲ. ಚಿತ್ರದಲ್ಲಿ ಮಂಡಿ ಪೂರ್ತಿ ಸವೆದಂತೆ ಕಂಡರೂ ಆರಾಮವಾಗಿ ಓಡಾಡುವವರಿದ್ದಾರೆ. ಚಿತ್ರ ಚೆನ್ನಾಗಿದ್ದೂ ನರಳುವವರಿದ್ದಾರೆ.

ಈ ರೋಗದಲ್ಲಿ ಕೀಲುರಸದ ಸರಪಳಿಗಳು ತುಂಡಾಗಿ ರಸ ನೀರಾಗುವುದು ನಿಜ. ಸ್ನಿಗ್ಧತೆ ಎಂದರೇನು ಎಂದು ಕೇಳಿದಾಗ ಜೇನುತುಪ್ಪ ಮತ್ತು ನೀರಿನ ಉದಾಹರಣೆ ಕೊಟ್ಟು ಉತ್ತರ ಬರೆದವರು ನೀವು. ಜೇನು ನೀರಾಗಿದೆ, ಹೊಸ ಜೇನು ಸುರಿಯೋಣ ಎಂಬ ತರ್ಕ ಮೇಲ್ನೋಟಕ್ಕೆ ಸರಿಯೇ. ಆದರೆ ಹೊರಗಿನಿಂದ ಹಾಕಿದ ಜೇನು ಒಳಗೆ ನಿಲ್ಲುವುದಿಲ್ಲ. ದೇಹ ಅದನ್ನು ಗಂಟೆಗಳ, ದಿನಗಳ ಲೆಕ್ಕದಲ್ಲಿ ಕರಗಿಸಿ ಹೊರಹಾಕುತ್ತದೆ. ಸರಪಳಿಗಳನ್ನು ಬೆಸೆದು ಗಟ್ಟಿಮಾಡಿದ ಬಗೆಗಳು ಹೆಚ್ಚೆಂದರೆ ಕೆಲವು ವಾರ ನಿಲ್ಲುತ್ತವೆ. ಆದರೂ ಆರು ತಿಂಗಳ ಭರವಸೆ ಕೊಡುತ್ತಾರೆ. ಪ್ರಶ್ನಿಸಿದರೆ, ಅದು ಕೀಲಿನ ಒಳಪೊರೆಗೆ ರಾಸಾಯನಿಕ ಸಂದೇಶ ಕೊಟ್ಟು ಗುಣ ಮಾಡುತ್ತದೆ ಎನ್ನುತ್ತಾರೆ. ಹಾಗಾದರೆ ಗ್ರೀಸಿನ ಕಥೆ ಏಕೆ ಹೇಳಿದಿರಿ?

ಇರಲಿ, ಹೇಗೆ ಕೆಲಸ ಮಾಡುತ್ತದೆ ಎಂಬ ಪ್ರಶ್ನೆಯನ್ನು ಬದಿಗಿಡೋಣ. ಕೆಲಸ ಮಾಡುತ್ತದೆಯೇ ಎಂಬುದೇ ಮುಖ್ಯ. ಅದಕ್ಕೆ ನಿಮ್ಮ ಹಳೆಯ ಪಾಠವೊಂದನ್ನು ನೆನಪಿಸುತ್ತೇನೆ. ತರಗತಿಯ ಕಿಟಕಿಯಲ್ಲಿ ಎರಡು ಕುಂಡ ಇಡುತ್ತಿದ್ದೆವು. ಎರಡರಲ್ಲಿಯೂ ಅದೇ ಮಣ್ಣು, ಅದೇ ಅವರೆಬೀಜ, ಅಷ್ಟೇ ನೀರು. ಒಂದಕ್ಕೆ ಮಾತ್ರ ಗೊಬ್ಬರ. ಗೊಬ್ಬರ ಹಾಕಿದ ಗಿಡ ಬೆಳೆಯಿತು ಎಂದು ಕುಣಿಯುವ ಮುಂಚೆ ಹಾಕದ ಗಿಡ ಎಷ್ಟು ಬೆಳೆದಿದೆ ನೋಡು ಎಂದು ಗದರುತ್ತಿದ್ದೆ. ಮಂಡಿಯ ವಿಷಯದಲ್ಲಿಯೂ ಅಷ್ಟೆ. ಒಂದು ಗುಂಪಿಗೆ ಜೆಲ್, ಇನ್ನೊಂದು ಗುಂಪಿಗೆ ಬರಿಯ ಉಪ್ಪುನೀರು, ಯಾರಿಗೆ ಯಾವುದೆಂದು ರೋಗಿಗೂ ಗೊತ್ತಿರಬಾರದು, ನೋವು ಅಳೆಯುವವರಿಗೂ ಗೊತ್ತಿರಬಾರದು. ಇಂತಹ ಪ್ರಯೋಗಗಳು ಜಗತ್ತಿನಲ್ಲಿ ನೂರಕ್ಕೂ ಹೆಚ್ಚು ನಡೆದಿವೆ.

2006ರಲ್ಲಿ ಕಾಕ್ರೇನ್ ಸಂಸ್ಥೆ 76 ಪ್ರಯೋಗಗಳನ್ನು ಒಟ್ಟುಗೂಡಿಸಿ ಇದರಿಂದ ಪ್ರಯೋಜನವಿದೆ ಎಂದಿತು. ಈಗಲೂ ಮಾರಾಟದವರು ತೋರಿಸುವ ಕಾಗದಗಳಲ್ಲಿ ಅದೊಂದು. 2012ರಲ್ಲಿ 89 ಪ್ರಯೋಗಗಳನ್ನು ಪರಿಶೀಲಿಸಿದ ಇನ್ನೊಂದು ತಂಡ, ಲಾಭವಿದ್ದರೂ ರೋಗಿಯ ಅನುಭವಕ್ಕೆ ಬಾರದಷ್ಟು ಸಣ್ಣದು ಎಂದಿತು. 2022ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ 169 ಪ್ರಯೋಗಗಳ, ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ರೋಗಿಗಳ ಪರಿಶೀಲನೆಯನ್ನು ಪ್ರಕಟಿಸಿತು. ಅದರಲ್ಲಿ ದೊಡ್ಡ ಪ್ರಯೋಗಗಳನ್ನು ಮಾತ್ರ ಆರಿಸಿ ಲೆಕ್ಕ ಹಾಕಿದಾಗ, ನೂರು ಮಿಲಿಮೀಟರಿನ ನೋವಿನ ಅಳತೆಪಟ್ಟಿಯಲ್ಲಿ ಉಪ್ಪುನೀರಿಗಿಂತ ಜೆಲ್ ತಗ್ಗಿಸಿದ ನೋವು ಎರಡು ಮಿಲಿಮೀಟರು. ರೋಗಿಗೆ ಗೊತ್ತಾಗುವಷ್ಟು ವ್ಯತ್ಯಾಸವೆನ್ನಲು ಕನಿಷ್ಠ ಒಂಬತ್ತು ಮಿಲಿಮೀಟರು ಬೇಕೆಂದು ಅವರು ಇಟ್ಟುಕೊಂಡಿದ್ದರು. ಮೊಮ್ಮಗನ ಕಂಪಾಸು ಪೆಟ್ಟಿಗೆಯಿಂದ ಸ್ಕೇಲು ತೆಗೆದು ಎರಡು ಮಿಲಿಮೀಟರು ಎಷ್ಟೆಂದು ನೋಡಿಕೊಳ್ಳಿ. ಅದೇ ಪರಿಶೀಲನೆಯಲ್ಲಿ ಗಂಭೀರ ತೊಂದರೆಗಳು ಉಪ್ಪುನೀರಿನ ಗುಂಪಿಗಿಂತ ಜೆಲ್ ಗುಂಪಿನಲ್ಲಿ ಸುಮಾರು ಒಂದೂವರೆ ಪಟ್ಟು ಕಂಡವು. ಎರಡೂ ಗುಂಪಿನಲ್ಲಿ ಅಂತಹವರ ಸಂಖ್ಯೆ ಕಡಿಮೆಯೇ. ಆದರೆ ಎರಡು ಮಿಲಿಮೀಟರಿನ ಲಾಭಕ್ಕೆ ಎಷ್ಟು ಅಪಾಯ ಹೊರಬಹುದು ಎಂಬುದನ್ನು ನಿರ್ಧರಿಸಬೇಕಾದವನು ರೋಗಿ.

ಇದನ್ನು ಓದಿ ವೈದ್ಯಲೋಕ ಏನು ಹೇಳಿದೆ? ಇಂಗ್ಲೆಂಡಿನ ಸರಕಾರಿ ಆರೋಗ್ಯ ಸೇವೆಗೆ ಮಾರ್ಗಸೂಚಿ ಬರೆಯುವ ನೈಸ್ ಸಂಸ್ಥೆ 2014ರಲ್ಲಿಯೂ 2022ರಲ್ಲಿಯೂ ಇದನ್ನು ಕೊಡಬೇಡಿ ಎಂದೇ ಬರೆಯಿತು. ಅಮೆರಿಕದ ಮೂಳೆ ಶಸ್ತ್ರವೈದ್ಯರ ಅಕಾಡೆಮಿ, ಅಂದರೆ ಈ ಸೂಜಿ ಹಿಡಿಯುವವರದೇ ಸಂಘ, 2013ರಲ್ಲಿ ಇದನ್ನು ಶಿಫಾರಸು ಮಾಡಲಾರೆವು ಎಂದಿತು. 2021ರಲ್ಲಿ ವಾಡಿಕೆಯ ಬಳಕೆಗೆ ಬೇಡ ಎಂದಿತು. ಅಲ್ಲಿನ ಸಂಧಿವಾತ ತಜ್ಞರ ಸಂಸ್ಥೆಯ 2019ರ ಮಾರ್ಗಸೂಚಿಯೂ ಮಂಡಿಗೆ ಇದರ ವಿರುದ್ಧವೇ ಇದೆ, ಆದರೆ ಷರತ್ತಿನೊಂದಿಗೆ. ಎದುರು ಪಕ್ಷವನ್ನು ಮುಚ್ಚಿಡುವುದು ನ್ಯಾಯವಲ್ಲ. ಅದೇ 2019ರಲ್ಲಿ ಆರ್ಸಿ ಎಂಬ ಅಂತರರಾಷ್ಟ್ರೀಯ ಸಂಸ್ಥೆ, ಮೊದಲ ಚಿಕಿತ್ಸೆಗಳು ಫಲಿಸದ ಕೆಲವು ರೋಗಿಗಳಿಗೆ ಕೊಡಬಹುದು ಎಂದು ಷರತ್ತಿನ ಒಪ್ಪಿಗೆ ನೀಡಿತು. ಆದರೆ ಬಾಗಿಲಿಗೆ ಬಂದ ಪ್ರತಿ ಮಂಡಿಗೂ ಮೊದಲ ದಿನವೇ ಚುಚ್ಚಿ ಎಂದು ಇವರಲ್ಲಿ ಯಾರೂ ಹೇಳಿಲ್ಲ.

ಇಲ್ಲಿ ನಡೆಯುವುದು ಏನು? ನನ್ನ ಅಕ್ಕನ ವಿಷಯ ಹೇಳುತ್ತೇನೆ. ಬಂಧುಗಳಿಗೆಲ್ಲ ಅವಳು ದೊಡ್ಡಕ್ಕ, ಕೃಷ್ಣರಾಜಪುರದಲ್ಲಿ ಮಗಳ ಮನೆಯಲ್ಲಿದ್ದಾಳೆ. ಪೂರ್ವ ಬೆಂಗಳೂರಿನ ಒಂದು ಖಾಸಗಿ ಕ್ಲಿನಿಕ್ಕಿಗೆ ಮಗಳು ಕರೆದುಕೊಂಡು ಹೋದಳು. ಹೆಸರು ಬೇಡ, ಅದೊಂದೇ ಹೀಗೆ ಎಂದು ನಾನು ಹೇಳುತ್ತಿಲ್ಲ. ಎರಡು ಗಂಟೆ ಕಾದ ಮೇಲೆ ಎಂಟು ನಿಮಿಷದ ಭೇಟಿ. ವೈದ್ಯರು ಚಿತ್ರವನ್ನು ಬೆಳಕಿಗೆ ಹಿಡಿದು, "ಅಮ್ಮಾ, ಎಣ್ಣೆ ಪೂರ್ತಿ ಒಣಗಿದೆ. ಈಗ ಇಂಜೆಕ್ಷನ್ ತಗೊಂಡ್ರೆ ಆಪರೇಷನ್ ತಪ್ಪುತ್ತೆ" ಎಂದರು. ಆಪರೇಷನ್ ಎಂಬ ಪದ ಕೇಳಿದ ಮೇಲೆ ಎಪ್ಪತ್ತಾರರ ಹೆಂಗಸು ಇನ್ನೇನು ಕೇಳಿಯಾಳು? ಒಂದು ಮಂಡಿಗೆ ಹದಿನೆಂಟು ಸಾವಿರ, ಎರಡಕ್ಕೆ ಮೂವತ್ತಾರು ಸಾವಿರ. ಭಾವನ ಕುಟುಂಬ ಪಿಂಚಣಿಯಲ್ಲಿ ಅವಳು ಕೂಡಿಟ್ಟ ಹಣ. ಸಹಿ ಹಾಕಿದ ಕಾಗದ ಇಂಗ್ಲಿಷಿನಲ್ಲಿತ್ತು. ತೊಡೆಯ ಸ್ನಾಯುವನ್ನು ಯಾರೂ ಮುಟ್ಟಿ ನೋಡಲಿಲ್ಲ, ಒಂದು ವ್ಯಾಯಾಮವನ್ನೂ ಹೇಳಿಕೊಡಲಿಲ್ಲ. ಮೂರು ವಾರ ಹಗುರವೆನಿಸಿತು, ಆಮೇಲೆ ನೋವು ಮೊದಲಿನಂತೆಯೇ ಬಂತು. ಹಣಕ್ಕಿಂತ ದೊಡ್ಡ ನಷ್ಟ ಇನ್ನೊಂದು. ಗ್ರೀಸ್ ಬೇಗ ಸವೆಯಬಾರದೆಂದು ಅವಳು ಬೆಳಗಿನ ನಡಿಗೆಯನ್ನೇ ನಿಲ್ಲಿಸಿಬಿಟ್ಟಳು. ಉಪಮೆಯನ್ನು ನಂಬಿದವರಿಗೆ ಇದೇ ತಾರ್ಕಿಕ ತೀರ್ಮಾನವಲ್ಲವೆ? ನಡೆದಷ್ಟೂ ಬೇರಿಂಗ್ ಸವೆಯುತ್ತದೆ. ಆದರೆ ಮಂಡಿ ನಡೆಯದಿದ್ದರೆ ಕೆಡುತ್ತದೆ.

"ಮೂರು ವಾರ ಹಗುರವಾಯಿತಲ್ಲ, ಅಷ್ಟಾದರೂ ಆಯಿತಲ್ಲ" ಎನ್ನುವವರಿಗೆ ಎರಡು ಉತ್ತರಗಳಿವೆ. ಒಂದು, ಉಪ್ಪುನೀರು ಚುಚ್ಚಿದರೂ ಹಗುರವಾಗುತ್ತದೆ. ಸೂಜಿ, ಬಿಳಿಯ ಕೋಟು, ದೊಡ್ಡ ಬೆಲೆ ಇವೆಲ್ಲ ಸೇರಿ ಮನಸ್ಸಿಗೆ ಕೊಡುವ ಭರವಸೆ ಕಡಿಮೆಯದಲ್ಲ. 2002ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ 180 ಮಂಡಿರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ, ದೂರ್ಬೀನು ತೂರಿಸಿ ಮಾಡುವ ನಿಜವಾದ ಶಸ್ತ್ರಚಿಕಿತ್ಸೆಯೂ ಚರ್ಮವನ್ನು ಮಾತ್ರ ಕೊಯ್ದು ಹೊಲಿದ ಹುಸಿ ಶಸ್ತ್ರಚಿಕಿತ್ಸೆಯೂ ನೋವಿನ ವಿಷಯದಲ್ಲಿ ಸಮನಾದವು. ಎರಡು, ಮಂಡಿನೋವು ಏರಿ ಇಳಿಯುವ ನೋವು. ಅದು ತೀರ ಹೆಚ್ಚಾದಾಗಲೇ ನಾವು ವೈದ್ಯರ ಬಳಿ ಹೋಗುತ್ತೇವೆ. ಆಮೇಲೆ ಅದು ಇಳಿಯುವುದು ಸಹಜ. ಕಿರುಪರೀಕ್ಷೆಯಲ್ಲಿ ಅತಿ ಕಡಿಮೆ ಅಂಕ ಪಡೆದ ಹುಡುಗ ಮುಂದಿನ ಸಲ ಸ್ವಲ್ಪ ಹೆಚ್ಚು ಪಡೆಯುತ್ತಾನೆ. ನಡುವೆ ಯಾರಾದರೂ ತಾಯಿತ ಕಟ್ಟಿದ್ದರೆ ಕೀರ್ತಿ ತಾಯಿತಕ್ಕೆ.

ಈ ಚಿಕಿತ್ಸೆ ಹೊರರೋಗಿ ವಿಭಾಗದಲ್ಲಿ ನಡೆಯುವುದರಲ್ಲಿಯೇ ಒಂದು ಗುಟ್ಟಿದೆ. ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆಯೆಂದರೆ ಮನೆಯವರೆಲ್ಲ ಸೇರುತ್ತಾರೆ, ಇನ್ನೊಬ್ಬ ವೈದ್ಯರನ್ನು ಕೇಳುತ್ತಾರೆ, ವಿಮೆಯವರು ನೂರು ಪ್ರಶ್ನೆ ಹಾಕುತ್ತಾರೆ. 2017ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿ, ಹೆಚ್ಚಾಗಿ ಬಳಸುವ ಬಗೆಗೆ ತೆರಿಗೆ ಬಿಟ್ಟು 54,720 ರೂಪಾಯಿ ಎಂದು ನಿಗದಿಪಡಿಸಿತು. ಹೊರರೋಗಿಯ ಕೋಣೆಯಲ್ಲಿ ಚುಚ್ಚುವ ಸೂಜಿಗೆ ಇಂತಹ ಕಾವಲಿಲ್ಲ. ಹಾಸಿಗೆ ಬೇಡ, ಅರಿವಳಿಕೆ ಬೇಡ, ವಿಮೆಯವರ ಪ್ರಶ್ನೆಯಿಲ್ಲ. ದುಡ್ಡು ಜೇಬಿನಿಂದ. ರೋಗಿಯ ಪರವಾಗಿ ಪ್ರಶ್ನೆ ಕೇಳುವ ಮೂರನೆಯ ವ್ಯಕ್ತಿ ಆ ಕೋಣೆಯಲ್ಲಿ ಇರುವುದೇ ಇಲ್ಲ. ಸೂಜಿಗೆ ಹತ್ತು ನಿಮಿಷವಿದೆ, ಆದರೆ ಮಾತಿಗೆ ಹತ್ತು ನಿಮಿಷವಿಲ್ಲ. ಏಕೆಂದರೆ ಮಾತಿಗೆ ಬಿಲ್ ಹಾಕಲು ಬರುವುದಿಲ್ಲ.

ವೈದ್ಯರ ಕಡೆಯ ಅತ್ಯಂತ ಗಟ್ಟಿಯಾದ ವಾದ ಒಂದಿದೆ. ಮೂತ್ರಪಿಂಡ ಕೆಟ್ಟವರು, ಹೊಟ್ಟೆಯಲ್ಲಿ ಹುಣ್ಣಿರುವವರು, ಹೃದಯದ ರೋಗಿಗಳು ನೋವಿನ ಮಾತ್ರೆ ನುಂಗುವಂತಿಲ್ಲ, ಶಸ್ತ್ರಚಿಕಿತ್ಸೆಯೂ ಆಗದು, ಅಂತಹವರಿಗೆ ಏನು ಕೊಡೋಣ ಎಂದು ಕೇಳುತ್ತಾರೆ. ಈ ಪ್ರಶ್ನೆಯನ್ನು ನಾನು ಗೌರವಿಸುತ್ತೇನೆ. ವ್ಯಾಯಾಮ, ಊರುಗೋಲು, ಹಚ್ಚುವ ಮುಲಾಮು ಎಲ್ಲವನ್ನೂ ತಿಂಗಳುಗಟ್ಟಲೆ ಪ್ರಯತ್ನಿಸಿದ ಮೇಲೆ, "ಇದು ಉಪ್ಪುನೀರಿಗಿಂತ ಬಹಳ ಹೆಚ್ಚೇನೂ ಅಲ್ಲ, ಕೆಲವರಿಗೆ ಹಿತವೆನಿಸುತ್ತದೆ, ಸವೆತವನ್ನು ತಡೆಯುತ್ತದೆಂಬ ಭರವಸೆ ಕೊಡಲಾರೆ, ಇಷ್ಟು ಖರ್ಚು" ಎಂದು ಹೇಳಿ, ಆಮೇಲೂ ರೋಗಿ ಬೇಕೆಂದರೆ ಕೊಡಲಿ. ನನ್ನ ತಕರಾರು ಆ ವಾಕ್ಯ ಹೇಳದೆ ಇರುವುದಕ್ಕೆ. ಇದು ಬರಿಯ ಸೌಜನ್ಯದ ಮಾತೂ ಅಲ್ಲ. 2008ರ ಜನವರಿಯಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ, ಚಿಕಿತ್ಸೆಯ ಸ್ವರೂಪ, ಅದರ ಪ್ರಯೋಜನ, ಬೇರೆ ಮಾರ್ಗಗಳು, ಮುಖ್ಯವಾದ ಅಪಾಯಗಳು ಇವಿಷ್ಟನ್ನೂ ತಿಳಿಸಿದ ಮೇಲೆ ಪಡೆದದ್ದೇ ನಿಜವಾದ ಒಪ್ಪಿಗೆ ಎಂದು ಸ್ಪಷ್ಟಪಡಿಸಿದೆ. ದಂಡು ಪ್ರದೇಶದಲ್ಲಿ ಕನ್ನಡ, ತಮಿಳು, ಉರ್ದು, ತೆಲುಗು ಆಡುವ ಜನ ಒಂದೇ ಬೆಂಚಿನಲ್ಲಿ ಸರದಿಗೆ ಕಾಯುತ್ತಾರೆ. ಅವರಿಗೆ ಅರ್ಥವಾಗದ ಇಂಗ್ಲಿಷ್ ಕಾಗದದ ಮೇಲೆ ಪಡೆದ ಸಹಿ ಒಪ್ಪಿಗೆಯಲ್ಲ, ರಶೀದಿ.

ಹಾಗಾದರೆ ಮಾಡಬೇಕಾದದ್ದೇನು? ನಾನು ಹೆಸರಿಸಿದ ಮಾರ್ಗಸೂಚಿಗಳು ಜೆಲ್ ವಿಷಯದಲ್ಲಿ ಜಗಳವಾಡಿದರೂ ಒಂದು ವಿಷಯದಲ್ಲಿ ಒಂದಾಗಿವೆ: ಮೊದಲು ವ್ಯಾಯಾಮ, ತಿಳಿವಳಿಕೆ, ತೂಕ ಹೆಚ್ಚಿದ್ದರೆ ತೂಕ ಇಳಿಕೆ. ಕುರ್ಚಿಯ ಮೇಲೆ ಕುಳಿತು ಕಾಲನ್ನು ನೇರವಾಗಿ ಚಾಚಿ ಕೆಲವು ಕ್ಷಣ ಹಿಡಿಯುವುದು, ಮಂಡಿಯ ಕೆಳಗೆ ಸುತ್ತಿದ ಟವಲು ಇಟ್ಟು ಅದನ್ನು ಅದುಮುವುದು, ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು. ಇವು ಹಲಸೂರಿನ ವಠಾರದಲ್ಲಿಯೂ ಮಾಡಬಹುದಾದ ಅಭ್ಯಾಸಗಳು. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆಂದು 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ. ಸಾವಿರ ಹೆಜ್ಜೆಗೆ ಎಷ್ಟಾಯಿತು, ಲೆಕ್ಕ ಹಾಕಿ. ನೋವು ಬಲಗಾಲಿಗಿದ್ದರೆ ಊರುಗೋಲು ಎಡಗೈಯಲ್ಲಿರಲಿ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಹಚ್ಚುವ ಡೈಕ್ಲೋಫೆನಾಕ್ ಮುಲಾಮನ್ನು ವೈದ್ಯರನ್ನು ಕೇಳಿ ಬಳಸಿ. ಮಂಡಿ ಬಿಸಿಯಾಗಿ ಕೆಂಪಗೆ ಊದಿ ಜ್ವರ ಬಂದರೆ ಮಾತ್ರ ಇದಾವುದನ್ನೂ ಮಾಡುತ್ತಾ ಕೂರಬೇಡಿ, ಅಂದೇ ಆಸ್ಪತ್ರೆಗೆ ಓಡಿ. ವ್ಯಾಯಾಮವೂ ಪವಾಡವಲ್ಲ. ಅದರ ಲಾಭವೂ ಸಾಧಾರಣವೇ, ಬಿಟ್ಟರೆ ಹೋಗುತ್ತದೆ. ಆದರೆ ಅದಕ್ಕೆ ಮೂವತ್ತಾರು ಸಾವಿರ ಬೇಡ. ಹೃದಯಕ್ಕೂ ಸಕ್ಕರೆ ಕಾಯಿಲೆಗೂ ನಿದ್ದೆಗೂ ಅದೇ ಔಷಧಿ.

ಆದುದರಿಂದ ನನ್ನ ಬೇಡಿಕೆಗಳು ಇವು. ಶಿವಾಜಿನಗರದ ಬೌರಿಂಗ್ ಆಸ್ಪತ್ರೆ, ಇಂದಿರಾನಗರದ ಸರ್ ಸಿ.ವಿ. ರಾಮನ್ ಆಸ್ಪತ್ರೆ, ಕೃಷ್ಣರಾಜಪುರದ ಸರಕಾರಿ ಆಸ್ಪತ್ರೆ ಇಂತಹ ಕಡೆಗಳಲ್ಲಿ ಮಂಡಿರೋಗಿಗಳನ್ನು ಗುಂಪಾಗಿ ಕೂರಿಸಿ ವಾರಕ್ಕೊಮ್ಮೆ ವ್ಯಾಯಾಮ ಕಲಿಸುವ ತರಗತಿ ನಡೆಯಲಿ. ಮೂವತ್ತು ಜನರಿಗೆ ಒಬ್ಬ ಭೌತಚಿಕಿತ್ಸಕ, ಒಂದು ಕೋಣೆ, ಮೂವತ್ತು ಕುರ್ಚಿ ಸಾಕು. ಅಷ್ಟು ಮಕ್ಕಳಿಗೆ ಒಂದೇ ಗಂಟೆಯಲ್ಲಿ ಕಲಿಸಿದ ನಾವು ಇದು ಅಸಾಧ್ಯವೆಂದು ಒಪ್ಪುವುದಿಲ್ಲ. ಖಾಸಗಿ ಆಸ್ಪತ್ರೆಗಳು ಜೆಲ್ ಕೊಡುವ ಮುನ್ನ, ಅದರ ಲಾಭ, ಅಪಾಯ, ಬೆಲೆಗಳನ್ನು ರೋಗಿಯ ಭಾಷೆಯಲ್ಲಿ ಒಂದು ಪುಟದಲ್ಲಿ ಬರೆದು ಕೈಗಿಟ್ಟು, ಮನೆಗೆ ಹೋಗಿ ಯೋಚಿಸಲು ಒಂದು ವಾರ ಕೊಡಲಿ. ಸವೆತ ಹತ್ತಾರು ವರ್ಷದ್ದು, ಒಂದು ವಾರದಲ್ಲಿ ಏನೂ ಮುಳುಗುವುದಿಲ್ಲ.

ನನ್ನ ವಿದ್ಯಾರ್ಥಿಗಳಲ್ಲಿ ವೈದ್ಯರೂ ಇದ್ದೀರಿ. ನಿಮ್ಮಲ್ಲಿ ಕೆಲವರಿಗೆ ಇದನ್ನು ಓದಿ ಸಿಟ್ಟು ಬರಬಹುದು. ನಾನು ಕೊಟ್ಟ ಅಂಕಿಗಳು ತಪ್ಪಿದ್ದರೆ ತಿದ್ದಿ, ಸಂತೋಷದಿಂದ ಒಪ್ಪುತ್ತೇನೆ. ಅವು ಸರಿಯಾಗಿದ್ದರೆ, ನಾಳೆ ನಿಮ್ಮೆದುರು ಕೂರುವ ಮುದುಕಿಗೆ ಗ್ರೀಸಿನ ಕಥೆ ಹೇಳಬೇಡಿ. ವೈದ್ಯರಲ್ಲದ ಉಳಿದವರಿಗೆ ಒಂದು ಮನೆಗೆಲಸ. ಅಪ್ಪನನ್ನೋ ಅಮ್ಮನನ್ನೋ ಮಂಡಿಗೆಂದು ಕರೆದುಕೊಂಡು ಹೋದಾಗ ನೀವೇ ಆ ಕೋಣೆಯ ಮೂರನೆಯ ವ್ಯಕ್ತಿಯಾಗಿರಿ. ಎದ್ದು ಬರುವ ಮುಂಚೆ ಈ ಮೂರು ಪ್ರಶ್ನೆ ಕೇಳಿ: "ಡಾಕ್ಟರೆ, ಇದು ಉಪ್ಪುನೀರಿಗಿಂತ ಎಷ್ಟು ಹೆಚ್ಚು ಕೆಲಸ ಮಾಡುತ್ತದೆ? ಇದಕ್ಕೆ ಮೊದಲು ನಾವು ಮಾಡಬಹುದಾದದ್ದು ಏನು? ಇಂದೇ ತೆಗೆದುಕೊಳ್ಳದಿದ್ದರೆ ಏನಾಗುತ್ತದೆ?" ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಕೋಪಿಸಿಕೊಳ್ಳುವುದಿಲ್ಲ. ಕೋಪಿಸಿಕೊಂಡರೆ ನಿಮಗೆ ಬೇಕಾದ ಉತ್ತರ ಸಿಕ್ಕಿತೆಂದು ತಿಳಿದು ಎದ್ದು ಬನ್ನಿ.